ಕಳ್ಳನಿಗೆ ಬೀಗ, ಮನೆಯವರಿಗೆ ಚಿಲಕ

ಪ್ರಶ್ನೆ: ಬೆಂಗಳೂರಿನ ವಿಜಯನಗರದ ಕಡೆ 30x40 ಸೈಟಿನಲ್ಲಿ ಕಟ್ಟಿಸಿದ ಮನೆ ನಮ್ಮದು. ಕೆಳಗೆ ಬಾಡಿಗೆಯವರು, ಮೊದಲನೇ ಮಹಡಿಯಲ್ಲಿ ನಾವು. ನಾನು, ಯಜಮಾನರು, 76 ವರ್ಷದ ಅತ್ತೆ, 9 ಮತ್ತು 4 ವರ್ಷದ ಇಬ್ಬರು ಮಕ್ಕಳು. ಹೋದ ವರ್ಷ ಹಿಂದಿನ ಬೀದಿಯಲ್ಲಿ ಕಳ್ಳತನ ಆದಮೇಲೆ ಎಲ್ಲ ಕಿಟಕಿಗೂ ಬಾಲ್ಕನಿಗೂ ಗ್ರಿಲ್ ಹಾಕಿಸಿದೆವು. ಮೆಟ್ಟಿಲ ತಲೆಯಲ್ಲಿ ಕೊಲ್ಯಾಪ್ಸಿಬಲ್ ಗೇಟ್ ಇದೆ, ರಾತ್ರಿ ಒಳಗಿನಿಂದ ಬೀಗ ಹಾಕಿ ಕೀಲಿಕೈಯನ್ನು ಅತ್ತೆ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಹಗಲಲ್ಲಿ ಅತ್ತೆ ಒಬ್ಬರೇ. ಮರೆವು ಜಾಸ್ತಿ, ಬಾಗಿಲು ತೆಗೆದೇ ಬಿಡುತ್ತಾರೆ ಅಂತ ನಾವು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ ಹೋಗುತ್ತೇವೆ. ಮೊನ್ನೆ ಊರಿಂದ ಬಂದ ತಮ್ಮ ‘ಇದೇನಕ್ಕ, ಬೆಂಕಿ ಬಿದ್ದರೆ ಎಲ್ಲಿಂದ ಹೊರಗೆ ಬರ್ತೀರಿ?’ ಅಂದ. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಗ್ರಿಲ್ ಎಲ್ಲ ತೆಗೆಸಿಬಿಡಬೇಕೆ? ಕಳ್ಳನಿಗೆ ಹೆದರಬೇಕೋ, ಬೆಂಕಿಗೆ ಹೆದರಬೇಕೋ?

ಉತ್ತರ: ಗ್ರಿಲ್ ಇರಲಿ. ತೆಗೆಯಬೇಕಾದದ್ದು ಬೀಗ.

ಉಳಿದ ಮಾತನ್ನು ಆಮೇಲೆ ಓದಿ. ಮೊದಲು ಇವತ್ತು ರಾತ್ರಿ ಮಾಡಬೇಕಾದ ಒಂದು ಕೆಲಸ ಇದೆ. ಗೇಟಿನ ಕೀಲಿಕೈಯನ್ನು ದಿಂಬಿನ ಕೆಳಗಿಂದ ತೆಗೆದು, ಗೇಟಿನ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದು ನೇತುಹಾಕಿ. ಒಳಗೆ ನಿಂತವರಿಗೆ ಒಂದೇ ಕೈಚಾಚಿಗೆ ಸಿಗಬೇಕು, ಹೊರಗಿಂದ ಗ್ರಿಲ್ಲಿನ ಸಂದಿಯಲ್ಲಿ ಕೈಯೋ ಕೋಲೋ ತೂರಿಸಿದವನಿಗೆ ಸಿಗಬಾರದು. ಆ ಕೀಲಿಕೈ ಒಂಟಿಯಾಗಿರಲಿ, ಬೀರು ಸ್ಕೂಟರ್ ಕೀಲಿಗಳ ಗೊಂಚಲಲ್ಲಿ ಬೇಡ. ಅಗಲವಾದ ಕೆಂಪು ಟೇಪು ಕಟ್ಟಿ. ಮನೆಯವರೆಲ್ಲರಿಗೂ, 9 ವರ್ಷದ ಮಗುವಿಗೂ ತೋರಿಸಿ. ಇದು ವೆಲ್ಡರ್ ಬರುವ ತನಕದ ಏರ್ಪಾಡು ಅಷ್ಟೆ.

ದಿಂಬಿನ ಕೆಳಗೆ ಯಾಕೆ ಬೇಡ ಅನ್ನುವುದಕ್ಕೆ ನಾನೇ ಕಂಡದ್ದೊಂದನ್ನು ಹೇಳುತ್ತೇನೆ. ಮನೆಗಳ ಅಗ್ನಿ ಸುರಕ್ಷತೆ ನೋಡಿ ಸಲಹೆ ಕೊಡುವುದು ನನ್ನ ಕೆಲಸ. ನಿಮ್ಮಂಥದ್ದೇ ಒಂದು ಮನೆಯಲ್ಲಿ, ನಿಮ್ಮ ಅತ್ತೆಯ ವಯಸ್ಸಿನ ಅಜ್ಜಿಯ ಹತ್ತಿರ, ರಾತ್ರಿ ಲೈಟು ಆರಿಸಿ, ‘ಅಮ್ಮಾ, ಈಗ ಗೇಟು ತೆಗೀರಿ’ ಅಂದೆ. ದಿನಾ ತೆಗೆಯುವ ಬೀಗ ಅದು. ಗೊಂಚಲಲ್ಲಿ ಏಳು ಕೀಲಿ. ತಡವರಿಸಿ ಒಂದನ್ನು ಹಿಡಿದರು, ಅದು ಹೋಗಲಿಲ್ಲ. ಇನ್ನೊಂದು ಹೋಯಿತು, ತಿರುಗಲಿಲ್ಲ. ಬೀಗ ಗೇಟಿನ ಆಚೆ ಮುಖಕ್ಕೆ ತಿರುಗಿಕೊಂಡಿತ್ತು, ಕೀಲಿ ತೂತು ಕೆಳಮುಖ. ಸಂದಿಯಲ್ಲಿ ಮಣಿಕಟ್ಟು ತೂರಿಸಿ ಬೀಗ ತಿರುಗಿಸಲು ಹೋದಾಗ ಗೊಂಚಲು ಕೈಜಾರಿ ಗೇಟಿನ ಆಚೆಗೆ ಬಿತ್ತು, ಮೂರು ಮೆಟ್ಟಿಲು ಕೆಳಗೆ ಹೋಗಿ ನಿಂತಿತು. ಹೊಗೆ ಇರಲಿಲ್ಲ, ಕೂಗಾಟ ಇರಲಿಲ್ಲ, ಪಕ್ಕದಲ್ಲಿ ಮಗ ನಿಂತಿದ್ದ. ಆದರೂ ಅಜ್ಜಿಯ ಕೈ ನಡುಗುತ್ತಿತ್ತು. ಆ ಮಗ ಮಾರನೇ ದಿನವೇ ವೆಲ್ಡರನ್ನು ಕರೆಸಿದ.

ಸಮಯದ ಲೆಕ್ಕವನ್ನೂ ಹೇಳಬೇಕು. ಸುರಕ್ಷತಾ ಪರೀಕ್ಷೆಗಳನ್ನು ನಡೆಸುವ ಅಮೆರಿಕದ ಯುಎಲ್ ಸಂಸ್ಥೆಯ ಸಂಶೋಧಕರ ಪ್ರಕಾರ, 40 ವರ್ಷದ ಹಿಂದೆ ಮನೆಗೆ ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳಲು ಸುಮಾರು 17 ನಿಮಿಷ ಸಿಗುತ್ತಿತ್ತು, ಈಗ ಸಿಗುವುದು 3 ನಿಮಿಷ ಅಥವಾ ಅದಕ್ಕೂ ಕಡಿಮೆ. ಫೋಮ್ ಹಾಸಿಗೆ, ಸೋಫಾ, ಸಿಂಥೆಟಿಕ್ ಪರದೆ, ಪ್ಲಾಸ್ಟಿಕ್ ಇವೆಲ್ಲ ಮರ, ಹತ್ತಿಗಿಂತ ಬಹಳ ಬೇಗ ಹೊತ್ತುತ್ತವೆ. ಅದಕ್ಕಿಂತ ಮುಖ್ಯವಾಗಿ ಕಪ್ಪು ವಿಷದ ಹೊಗೆ ಕಾರುತ್ತವೆ. ಮನೆ ಬೆಂಕಿಯಲ್ಲಿ ಹೆಚ್ಚಿನವರು ಸಾಯುವುದು ಸುಟ್ಟು ಅಲ್ಲ, ಹೊಗೆ ಕುಡಿದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮೊದಲು ತಲೆ ಮಂಕಾಗುತ್ತದೆ, ಕೀಲಿಯ ತೂತು ಕಾಣುವುದಿಲ್ಲ, ಕಂಡರೂ ಏನು ಮಾಡಬೇಕೆಂದು ಹೊಳೆಯುವುದಿಲ್ಲ. ಆ ಮೂರು ನಿಮಿಷದಲ್ಲಿ ಬೀಗಕ್ಕೆಂದು ಒಂದು ನಿಮಿಷ ಕೊಡುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ.

ಬೆಂಗಳೂರಿನವರಿಗೆ ಇದು ಹೊಸದಲ್ಲ. 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಮೆಟ್ಟಿಲ ತುಂಬ ಹೊಗೆ, ತುರ್ತು ದಾರಿಗಳು ಮುಚ್ಚಿದ್ದವು, ಜನ ಗಾಜು ಒಡೆದು ಮೇಲಿನಿಂದ ಹಾರಿದರು. ಅದು ಕಚೇರಿ ಕಟ್ಟಡ ಅನ್ನಬಹುದು. ಆದರೆ 2021ರ ಸೆಪ್ಟೆಂಬರ್ 21ರಂದು ದೇವರಚಿಕ್ಕನಹಳ್ಳಿಯಲ್ಲಿ ಉರಿದದ್ದು ಜನ ವಾಸವಿದ್ದ ಅಪಾರ್ಟ್‌ಮೆಂಟ್. ತಾಯಿ, ಮಗಳು ಇಬ್ಬರೂ ಹೋದರು. ಬಾಲ್ಕನಿಯ ಗ್ರಿಲ್ ಹಿಂದೆ ಸಿಕ್ಕಿಕೊಂಡು ಸಹಾಯಕ್ಕೆ ಕೂಗುತ್ತಿದ್ದ ಹೆಂಗಸಿನ ವಿಡಿಯೊವನ್ನು ಊರೆಲ್ಲ ನೋಡಿತು. ಕೆಳಗೆ ಜನ ಇದ್ದರು, ಕೂಗು ಕೇಳುತ್ತಿತ್ತು, ನಡುವೆ ಇದ್ದದ್ದು ಕಬ್ಬಿಣದ ಸರಳು. ಆ ಗ್ರಿಲ್ಲಿನಲ್ಲಿ ಒಳಗಿಂದ ತೆಗೆಯುವ ಒಂದು ಕಿಂಡಿಬಾಗಿಲು ಇದ್ದಿದ್ದರೆ ಅನ್ನುವ ಯೋಚನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ನಿಮ್ಮ ಪತ್ರಕ್ಕೆ ಇಷ್ಟು ಉದ್ದದ ಉತ್ತರ ಬರೆಯುತ್ತಿರುವುದೂ ಅದಕ್ಕೇ.

ಈಗ ಕಳ್ಳನ ವಿಷಯ. ಅವನ ಭಯವನ್ನು ನಾನು ಹಗುರಾಗಿ ನೋಡುವುದಿಲ್ಲ; ಕಳ್ಳತನವಾದ ಮನೆಯವರು ತಿಂಗಳುಗಟ್ಟಲೆ ಸಣ್ಣ ಸದ್ದಿಗೂ ಎದ್ದು ಕೂರುವುದನ್ನು ನೋಡಿದ್ದೇನೆ. ಆದರೆ ಎರಡು ಹೊತ್ತನ್ನು ಬೇರೆ ಮಾಡಿ ನೋಡಿ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು, ಜನ ಇರುವ ಹೊತ್ತು. ಊರಿಗೆ ಹೋದಾಗ ಎಷ್ಟು ಬೀಗ ಬೇಕಾದರೂ ಜಡಿಯಿರಿ, ಪಕ್ಕದವರಿಗೂ ಠಾಣೆಗೂ ತಿಳಿಸಿ ಹೋಗಿ. ಒಳಗೆ ಒಂದು ಜೀವ ಇದೆ ಅಂದರೆ ಲೆಕ್ಕವೇ ಬೇರೆ. ಆಗ ಹೊರಗಿನವನು ಒಳಗೆ ಬರಲು ಕಷ್ಟವಾಗಬೇಕು, ಒಳಗಿನವರು ಹೊರಗೆ ಹೋಗಲು ಕಷ್ಟವಾಗಬಾರದು. ನಮ್ಮ ತಪ್ಪು ಇರುವುದು ಎರಡಕ್ಕೂ ಒಂದೇ ಸಾಮಾನು ಬಳಸುವುದರಲ್ಲಿ. ಹೊರಗಡೆಗೆಂದು ಹುಟ್ಟಿದ ಬೀಗವನ್ನು ತಂದು ಒಳಗಡೆ ಹಾಕುತ್ತೇವೆ.

ಹಳೆಯ ಮನೆಗಳನ್ನು ನೆನಪು ಮಾಡಿಕೊಳ್ಳಿ. ಮಲೆನಾಡಿನ ಮನೆಯ ಹೆಬ್ಬಾಗಿಲಿಗೆ ಒಳಗಡೆ ಅಡ್ಡಲಾಗಿ ಒಂದು ಅಗುಳಿ, ತೊಡೆ ದಪ್ಪದ ಮರ. ಹೊರಗಿಂದ ನಾಲ್ಕು ಜನ ಹೆಗಲು ಕೊಟ್ಟರೂ ಬಾಗಿಲು ಅಲ್ಲಾಡದು. ಒಳಗಿಂದ ಕತ್ತಲಲ್ಲೂ ಸರ್‍ರನೆ ಗೋಡೆಯೊಳಕ್ಕೆ ತಳ್ಳಿದರೆ ಆಯಿತು. ಕೀಲಿಕೈ ಅನ್ನುವುದು ಆ ಬಾಗಿಲಿನ ಒಳಮೈಗೆ ಗೊತ್ತೇ ಇರಲಿಲ್ಲ. ಜೊತೆಗೆ ಒಂದು ಹಿತ್ತಿಲ ಬಾಗಿಲು ಇದ್ದೇ ಇರುತ್ತಿತ್ತು. 30x40 ಸೈಟಿಗೆ ಬಂದಾಗ ಹಿತ್ತಿಲು ಹೋಯಿತು, ಅದರ ಜೊತೆ ಎರಡನೇ ಬಾಗಿಲೂ ಹೋಯಿತು. ನಾವೀಗ ಮಾಡಬೇಕಾಗಿರುವುದು ಅವೆರಡನ್ನೂ ಬೇರೆ ರೂಪದಲ್ಲಿ ವಾಪಸು ತರುವುದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ನಿರ್ಗಮನದ ಬಾಗಿಲುಗಳಿಗೆ ಹೇಳುವುದೂ ಇದನ್ನೇ: ಒಳಗಿರುವವರ ಕಡೆಯಿಂದ ಕೀಲಿ ಇಲ್ಲದೆ ತೆರೆಯುವಂತಿರಬೇಕು. ನಿಮ್ಮಂಥ ಸಣ್ಣ ಮನೆಗೆ ಬಂದು ಇದನ್ನು ಯಾರೂ ತಪಾಸಣೆ ಮಾಡುವುದಿಲ್ಲ. ಆದ್ದರಿಂದ ನೀವೇ ಮಾಡಿಕೊಳ್ಳಬೇಕು.

ಮೊದಲು ಗೇಟು. ಬೀಗ ಹಾಕುವ ಕೊಂಡಿಯ ಜಾಗದಲ್ಲಿ ಒಳಗಡೆ ಮುಖಕ್ಕೆ ದಪ್ಪನೆಯ ಅಡ್ಡ ಚಿಲಕ, ಅಥವಾ ಒಳಗೆ ಗುಬುಟು ತಿರುಗಿಸಿದರೆ ತೆರೆಯುವ, ಹೊರಗೆ ಮಾತ್ರ ಕೀಲಿ ಬೇಕಾದ ಲಾಕ್ ಹಾಕಿಸಿ. ‘ಹಂಗಾದ್ರೆ ಕಳ್ಳ ಸಂದಿಯಲ್ಲಿ ಕೈ ಹಾಕಿ ತೆಗೀತಾನಲ್ಲ ಮೇಡಂ’ ಅನ್ನುತ್ತಾನೆ ವೆಲ್ಡರ್. ನ್ಯಾಯವಾದ ಪ್ರಶ್ನೆ. ಕೊಲ್ಯಾಪ್ಸಿಬಲ್ ಗೇಟು ಪೂರ್ತಿ ಸಂದಿಯೇ ಆಗಿರುವುದರಿಂದ ಮಡಚುವ ಭಾಗಕ್ಕೆ ತಗಡು ಹೊಡೆಯಲು ಆಗುವುದಿಲ್ಲ. ಚಿಲಕವನ್ನು ಗೋಡೆಗೆ ಅಂಟಿದ ಚೌಕಟ್ಟಿನ ಕಡೆ ಕೂರಿಸಿ, ಅದರ ಸುತ್ತ ಹೊರಮುಖಕ್ಕೂ ಗೇಟಿನ ಬದಿಗೂ ಕಬ್ಬಿಣದ ತಗಡಿನ ಪೆಟ್ಟಿಗೆ ಮಾಡಿಸಿ, ಒಳಗಡೆಗೆ ಮಾತ್ರ ಬಾಯಿ ಇರಲಿ. ಹೊರಗಿನಿಂದ ತೂರಿದ ಕೈ ಮೊಣಕೈ ತನಕ ಬಂದರೂ ಬಳಸಿಕೊಂಡು ಚಿಲಕ ಮುಟ್ಟಬಾರದು. ವೆಲ್ಡರ್ ಇರುವಾಗಲೇ ನಿಮ್ಮ ಯಜಮಾನರು ಹೊರಗೆ ನಿಂತು ಕೈ ಹಾಕಿ, ಕೊಕ್ಕೆ ಹಾಕಿ, ಕೋಲು ಹಾಕಿ ಪ್ರಯತ್ನಿಸಲಿ. ಆಮೇಲೆ ದುಡ್ಡು ಕೊಡಿ. ಹೊಸದಾಗಿ ಮಾಡಿಸುವವರಿಗಾದರೆ ನಾನು ಕೊಲ್ಯಾಪ್ಸಿಬಲ್ ಗೇಟನ್ನೇ ಬೇಡ ಅನ್ನುತ್ತೇನೆ. ವರ್ಷದೊಳಗೆ ಅದರ ಗಾಲಿ ಕಚ್ಚಿಕೊಳ್ಳುತ್ತದೆ, ವಯಸ್ಸಾದವರ ತೋಳಿಗೆ ಎಳೆಯಲು ಬರುವುದಿಲ್ಲ. ಸಾಮಾನ್ಯ ಕೀಲುಬಾಗಿಲಿನ ಗ್ರಿಲ್ ಗೇಟು, ಲಾಕಿನ ಸುತ್ತ ಒಂದೂವರೆ ಅಡಿ ತಗಡು ಇದ್ದರೆ ಸಾಕು.

ಒಳಗಿನ ಮರದ ಬಾಗಿಲಿಗೆ ಎರಡೂ ಕಡೆ ಕೀಲಿ ಬೇಕಾಗುವ ಲಾಕ್ ಇದ್ದರೆ ಅದನ್ನೂ ಬದಲಾಯಿಸಿ. ಡಿಜಿಟಲ್ ಲಾಕ್ ತರುವ ಯೋಚನೆ ಇದ್ದರೆ ಅಂಗಡಿಯವನನ್ನು ಒಂದೇ ಪ್ರಶ್ನೆ ಕೇಳಿ: ಬ್ಯಾಟರಿ ಸತ್ತಾಗ ಒಳಗಿನ ಹಿಡಿ ಒತ್ತಿದರೆ ಬಾಗಿಲು ತೆರೆಯುತ್ತದೆಯೇ? ತೆರೆದು ತೋರಿಸಿದರೆ ಮಾತ್ರ ತೆಗೆದುಕೊಳ್ಳಿ.

ಎರಡನೆಯದು ಕಿಟಕಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಗ್ರಿಲ್ಲಿನಲ್ಲಿ ಕಿಂಡಿಬಾಗಿಲು ಇದೆ ಎಂದು ನೆಮ್ಮದಿಯಾಗಿರುವ ಮನೆಗಳಲ್ಲೂ ಅದು ಕೆಲಸಕ್ಕೆ ಬಾರದಂತೆ ಇರುವುದನ್ನು ಪದೇ ಪದೇ ನೋಡಿದ್ದೇನೆ. ಒಂದು ಕಡೆ ಅದು ಒಂದೂವರೆ ಅಡಿ ಚೌಕ, ಕುಂಡಕ್ಕೆ ನೀರು ಹಾಕಲು ಸಾಕು, ಮನುಷ್ಯ ತೂರಲಾರ. ಇನ್ನೊಂದು ಕಡೆ ಮೂರು ಕೋಟು ಎನಾಮಲ್ ಪೇಂಟು ಬಿದ್ದು ಕೀಲು ಚಿಲಕ ಎಲ್ಲ ಒಂದೇ ಮುದ್ದೆ. ಮತ್ತೊಂದು ಕಡೆ ಅದಕ್ಕೇ ಒರಗಿಸಿ ವಾಷಿಂಗ್ ಮೆಷಿನ್.

ಎಷ್ಟು ಅಗಲ ಬೇಕು? ಅಮೆರಿಕದ ವಸತಿ ಕಟ್ಟಡ ಸಂಹಿತೆಯಲ್ಲಿ ಮಲಗುವ ಕೋಣೆಯ ತುರ್ತು ಕಿಟಕಿಗೆ ಒಂದು ಅಳತೆ ಇದೆ: ಅಗಲ 20 ಇಂಚಿಗೆ, ಎತ್ತರ 24 ಇಂಚಿಗೆ ಕಡಿಮೆ ಇರಬಾರದು, ಒಟ್ಟು ತೆರಪು 5.7 ಚದರ ಅಡಿ, ತೆರಪಿನ ತಳ ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಅಗ್ನಿಶಾಮಕ ಸಿಬ್ಬಂದಿಯೂ ಒಳಗೆ ಬರುವಂತಿರಲಿ ಎಂಬುದು ಅದರ ಉದ್ದೇಶ. ನಮ್ಮ ಲೆಕ್ಕಕ್ಕೆ 2 ಅಡಿ ಅಗಲ, 3 ಅಡಿ ಎತ್ತರ ಅಂತ ವೆಲ್ಡರಿಗೆ ಹೇಳಿ. ನಮ್ಮ 4 ಅಡಿ ಅಗಲದ ಕಿಟಕಿಯಲ್ಲಿ ಮರದ ಬಾಗಿಲಿದ್ದರೆ ಇದು ಸಲೀಸು. ಸ್ಲೈಡಿಂಗ್ ಕಿಟಕಿಯಾದರೆ ಎಚ್ಚರ: ಗಾಜು ಎಷ್ಟು ಸರಿದರೂ ಅರ್ಧವೇ ತೆರೆಯುವುದು, ಚೌಕಟ್ಟು ಕಳೆದರೆ 2 ಅಡಿಯೂ ಉಳಿಯುವುದಿಲ್ಲ. 20 ಇಂಚಾದರೂ ಸಿಗುತ್ತದೆಯೇ ಅಂತ ಟೇಪು ಹಿಡಿದು ನೋಡಿ, ಗಾಜು ತೆರೆಯುವ ಕಡೆಗೇ ಕಿಂಡಿ ಬರುವಂತೆ ಗುರುತು ಹಾಕಿಕೊಡಿ. ಗಾಜು ಎಡಕ್ಕೆ, ಕಿಂಡಿ ಬಲಕ್ಕೆ ಆಗಿರುವ ಮನೆಯನ್ನೂ ಕಂಡಿದ್ದೇನೆ.

ಕಿಂಡಿ ಹೊರಕ್ಕೆ ತೆರೆಯಲಿ. ಕೀಲಿನ ಪಿನ್ನು ಹೊರಗೆ ಉಳಿಯುವುದರಿಂದ ಅದರ ಎರಡೂ ತುದಿಯನ್ನು ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ಕಳ್ಳ ಪಿನ್ನು ಬಡಿದು ಕಿಂಡಿಯನ್ನೇ ಎತ್ತಿಡುತ್ತಾನೆ. ಒಳಗಡೆ ಟವರ್ ಬೋಲ್ಟು, ಗೇಟಿಗೆ ಹೇಳಿದ ಹಾಗೇ ಸುತ್ತ ತಗಡಿನ ಮರೆ. ಬೀಗ ಇಲ್ಲ. ‘ಸೇಫ್ಟಿಗೆ ಸಣ್ಣ ಬೀಗ ಒಂದು ಹಾಕ್ಕೊಳ್ಳಿ’ ಅಂತ ಯಾರೇ ಹೇಳಿದರೂ ಕೇಳಬೇಡಿ. ಸಣ್ಣ ಬೀಗದ ಸಣ್ಣ ಕೀಲಿಯೇ ಮೊದಲು ಕಳೆಯುವುದು.

ಎಲ್ಲ ಕಿಟಕಿಗೂ ಬೇಕಿಲ್ಲ. ಮಲಗುವ ಕೋಣೆಗೊಂದರಂತೆ, ರಸ್ತೆ ಕಡೆಗೋ ಏಣಿ ನಿಲ್ಲಿಸಲು ಜಾಗ ಇರುವ ಕಡೆಗೋ. ಪಕ್ಕದ ಮನೆ ಗೋಡೆಗೂ ನಿಮ್ಮ ಗೋಡೆಗೂ ನಡುವೆ ಎರಡಡಿ ಸಂದಿ ಇರುವ ಕಡೆ ಮಾಡಿಸಿ ಪ್ರಯೋಜನವಿಲ್ಲ.

ನಿಮ್ಮ ಮನೆಯಲ್ಲಿ 4 ವರ್ಷದ ಮಗು ಇದೆ ಅನ್ನುವುದು ನನಗೆ ಮರೆತಿಲ್ಲ. ಗ್ರಿಲ್ ಇರುವುದು ಕಳ್ಳನಿಗೆ ಮಾತ್ರವಲ್ಲ, ಮಗು ಬೀಳದಿರಲಿ ಅಂತಲೂ ಹೌದು. ಕಿಂಡಿಯ ಚಿಲಕ ಮಗುವಿಗೆ ಸಿಗಬಾರದು, ಅತ್ತೆಗೆ ಸಿಗಬೇಕು. ಈ ಎರಡೂ ಒಂದೇ ಕಿಟಕಿಯಲ್ಲಿ ಆಗುವುದು ಕಷ್ಟ, ಹಾಗಾಗಿ ಕೋಣೆ ನೋಡಿ ತೀರ್ಮಾನ ಮಾಡಿ. ನೀವೂ ಮಕ್ಕಳೂ ಮಲಗುವ ಕೋಣೆಯಲ್ಲಿ ಚಿಲಕ ನೆಲದಿಂದ ಐದಡಿ ಮೇಲಿರಲಿ, ಕಿಟಕಿ ಕೆಳಗೆ ಮಂಚ, ಸ್ಟೂಲು ಇಡಬೇಡಿ. ಅತ್ತೆಯ ಕೋಣೆಯಲ್ಲಿ ಚಿಲಕ ಎದೆಮಟ್ಟದಲ್ಲಿರಲಿ. ಭುಜ ಹಿಡಿದುಕೊಂಡಿರುವ ಎಷ್ಟೋ ಹಿರಿಯರಿಗೆ ಕೈ ತಲೆಗಿಂತ ಮೇಲಕ್ಕೆ ಏಳುವುದಿಲ್ಲ, ಅಳತೆ ತೆಗೆಯುವಾಗ ಅವರನ್ನೇ ಕಿಟಕಿ ಮುಂದೆ ನಿಲ್ಲಿಸಿ. ಆ ಕೋಣೆಯಲ್ಲಿ ಮಗು ಒಂಟಿಯಾಗಿ ಆಡದಂತೆ ನೋಡಿಕೊಳ್ಳಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಅದು ಆಗುವುದೇ ಇಲ್ಲ ಅನ್ನಿಸಿದರೆ ಆ ಚಿಲಕಕ್ಕೆ ಒತ್ತಿ ಸರಿಸಬೇಕಾದ ಎರಡು ಹಂತದ ಕೊಂಡಿ ಮಾಡಿಸಿ.

ಇನ್ನು ಹಗಲಿನ ಬೀಗ. ಇದನ್ನು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಗ್ರಿಲ್ಲೂ ಅಲ್ಲ, ರಾತ್ರಿಯ ಗೇಟೂ ಅಲ್ಲ. ಒಲೆ, ಗ್ಯಾಸು, ದೇವರ ದೀಪ ಇರುವ ಮನೆಯೊಳಗೆ ಮರೆವಿರುವ ಒಬ್ಬ ಹಿರಿಯರನ್ನು ಇಟ್ಟು ಹೊರಗಿನಿಂದ ಬೀಗ ಹಾಕಿ ಹೋಗುವುದು. ಅವರ ಒಳ್ಳೆಯದಕ್ಕೇ ಮಾಡುತ್ತಿದ್ದೀರಿ, ನೂರಾರು ಮನೆಗಳಲ್ಲಿ ಹೀಗೇ ನಡೆಯುತ್ತಿದೆ. ನಾಳೆಯಿಂದ ನಿಲ್ಲಿಸಿ. ಒಳಗಿನಿಂದ ಗುಬುಟು ತಿರುಗಿಸಿದರೆ ತೆರೆಯುವ, ಎಳೆದುಕೊಂಡರೆ ತಾನೇ ಹಾಕಿಕೊಳ್ಳುವ ನೈಟ್ ಲ್ಯಾಚ್ ಇದ್ದರೆ ಅವರು ಚಿಲಕ ಹಾಕಲು ಮರೆತರೂ ಬಾಗಿಲು ಹೊರಗಿನವರಿಗೆ ತೆರೆಯುವುದಿಲ್ಲ. ಬಾಗಿಲು ತೆರೆದಾಗ ಸದ್ದು ಮಾಡುವ ಸಣ್ಣ ಬೆಲ್ ಅಥವಾ ಫೋನಿಗೆ ಸಂದೇಶ ಕಳಿಸುವ ಸೆನ್ಸರ್ ಹಾಕಿಸಿ. ಕೆಳಗಿನ ಬಾಡಿಗೆಯವರಲ್ಲಿ ಹಗಲು ಮನೆಯಲ್ಲಿರುವವರ ಕೈಗೆ ಒಂದು ಕೀಲಿಕೈ ಕೊಡಿ. ನೀವು ಹೊರಡುವಾಗ ಗ್ಯಾಸಿನ ರೆಗ್ಯುಲೇಟರ್ ಆಫ್ ಮಾಡಿ ಹೋಗಿ, ಕಾಫಿ ಫ್ಲಾಸ್ಕಿನಲ್ಲಿರಲಿ. ಮರೆವು ಇನ್ನೂ ಹೆಚ್ಚಾಗಿ ದಾರಿ ತಪ್ಪುವ ಹಂತಕ್ಕೆ ಬಂದಿದ್ದರೆ ಅವರಿಗೆ ಬೇಕಿರುವುದು ಜೊತೆಗೊಬ್ಬ ಮನುಷ್ಯ. ಆ ಕೆಲಸವನ್ನು ಬೀಗ ಮಾಡಲಾರದು.

ಮೆಟ್ಟಿಲ ಕೆಳಗೂ ಒಮ್ಮೆ ಇಳಿದು ನೋಡಿ. ನಿಮ್ಮಂಥ ಮನೆಗಳಲ್ಲಿ ಮೀಟರ್ ಬೋರ್ಡ್ ಇರುವುದು ಅಲ್ಲೇ, ಎರಡು ಮೂರು ಬೈಕು ನಿಲ್ಲುವುದು ಅಲ್ಲೇ, ಈಚೆಗೆ ಎಲೆಕ್ಟ್ರಿಕ್ ಸ್ಕೂಟರನ್ನು ರಾತ್ರಿಯಿಡೀ ಚಾರ್ಜಿಗೆ ಹಾಕುವುದೂ ಅಲ್ಲೇ. ನಿಮ್ಮ ಮನೆಯಿಂದ ಇಳಿಯಲು ಇರುವ ಒಂದೇ ಮೆಟ್ಟಿಲ ಬುಡದಲ್ಲಿ ಬೆಂಕಿಗೆ ಬೇಕಾದ ಎಲ್ಲವೂ ಇದೆ. ಅಲ್ಲಿ ಹತ್ತಿದರೆ ಮೆಟ್ಟಿಲ ಗೂಡು ಚಿಮಣಿಯಂತೆ ಹೊಗೆಯನ್ನು ಮೇಲಕ್ಕೆ ಎಳೆಯುತ್ತದೆ. ಚಾರ್ಜಿಂಗ್ ಪಾಯಿಂಟನ್ನು ಕಾಂಪೌಂಡಿನ ಮುಂಭಾಗಕ್ಕೆ ಬದಲಾಯಿಸಿ, ಬಾಡಿಗೆಯವರಿಗೂ ಹೇಳಿ, ಖರ್ಚು ನೀವೇ ಹಾಕಿದರೂ ಪರವಾಗಿಲ್ಲ. ಮೀಟರ್ ಬೋರ್ಡಿನ ಕೆಳಗೆ ಹಳೇ ಪೇಪರು, ಟೈರು ಬೇಡ. ತಾರಸಿ ಬಾಗಿಲಿಗೂ ಬೀಗದ ಬದಲು ಒಳಗಿನ ಅಗುಳಿ ಹಾಕಿಸಿ. ಆದರೆ ಮೆಟ್ಟಿಲಲ್ಲಿ ಆಗಲೇ ಹೊಗೆ ತುಂಬಿದ್ದರೆ ತಾರಸಿಗೆಂದು ಅದರೊಳಗೆ ನುಗ್ಗಬೇಡಿ, ಹೊಗೆಯೂ ಅಲ್ಲಿಗೇ ಹೋಗುತ್ತಿರುತ್ತದೆ.

ಬ್ಯಾಟರಿಯ ಹೊಗೆ ಅಲಾರಂ ತಂದು ಮಲಗುವ ಕೋಣೆಗಳ ಹೊರಗೆ, ಹಾಲಿನ ಸೀಲಿಂಗಿಗೆ ಹಾಕಿ. ನಿದ್ದೆಯಲ್ಲಿ ಮೂಗು ಎಬ್ಬಿಸುವುದಿಲ್ಲ, ಕಿವಿ ಎಬ್ಬಿಸುತ್ತದೆ. ಅಡುಗೆಮನೆ, ದೇವರಮನೆಯಿಂದ ದೂರವಿರಲಿ, ಒಗ್ಗರಣೆಗೂ ಸಾಂಬ್ರಾಣಿಗೂ ಕೂಗಿದರೆ ಎರಡೇ ದಿನದಲ್ಲಿ ಬ್ಯಾಟರಿ ತೆಗೆದಿಡುತ್ತೀರಿ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ.

ರಾತ್ರಿ ಹೊಗೆ ಕಂಡರೆ ಮೊದಲ ದಾರಿ ಮೆಟ್ಟಿಲು. ಬಗ್ಗಿ, ಬೇಕಾದರೆ ತೆವಳಿ ಹೋಗಿ, ಹೊಗೆ ಮೇಲಿರುತ್ತದೆ, ಉಸಿರಾಡುವ ಗಾಳಿ ನೆಲದ ಹತ್ತಿರ. ಕೋಣೆಯ ಬಾಗಿಲು ತೆರೆಯುವ ಮೊದಲು ಅಂಗೈಯ ಹಿಂಭಾಗ ಮುಟ್ಟಿಸಿ ನೋಡಿ. ಬಿಸಿಯಾಗಿದ್ದರೆ ತೆರೆಯಬೇಡಿ. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯ ಕಿಂಡಿ ತೆರೆದು, ಟಾರ್ಚು ಬೀಸುತ್ತ ಕೂಗಿ. 101 ಅಥವಾ 112ಕ್ಕೆ ಫೋನು ಮಾಡಿ. ಮುಚ್ಚಿದ ಒಂದು ಮರದ ಬಾಗಿಲು ಅಗ್ನಿಶಾಮಕದವರು ಏಣಿ ಹಾಕುವ ತನಕ ಪ್ರಾಣ ಉಳಿಸಬಲ್ಲದು. ಅದಕ್ಕೇ ಮಲಗುವಾಗ ಕೋಣೆಗಳ ಬಾಗಿಲು ಮುಚ್ಚಿಕೊಳ್ಳಿ, ಬೋಲ್ಟು ಬೇಡ. ಕಿಂಡಿಯಿಂದ ಕೆಳಗೆ ಇಳಿಯುವುದು ಕಟ್ಟಕಡೆಯ ಮಾತು. ಸಜ್ಜಾ ಇದ್ದರೆ ಅದರ ಮೇಲೆ ಕಾಲಿಟ್ಟು, ಅಂಚು ಹಿಡಿದು ಜೋತುಬಿದ್ದು ಇಳಿಯಬೇಕೇ ಹೊರತು ನಿಂತಲ್ಲಿಂದ ಹಾರಬಾರದು. ಅತ್ತೆಗೆ ಅದು ಆಗದ ಕೆಲಸ. ಅವರಿಗೆ ಆ ಕಿಂಡಿ ಇರುವುದು ಉಸಿರಾಟಕ್ಕೆ, ಕೂಗಿ ಕರೆಯಲಿಕ್ಕೆ, ಏಣಿ ಹತ್ತಿ ಬಂದವರು ಸರಳು ಕತ್ತರಿಸುತ್ತ ಕೂರದೆ ನೇರ ಒಳಗೆ ಬರಲಿಕ್ಕೆ.

ಯಾರು ಯಾರನ್ನು ಕರೆತರಬೇಕು ಅನ್ನುವುದು ಮೊದಲೇ ಗೊತ್ತಿರಲಿ. ಯಜಮಾನರು ಅತ್ತೆಯನ್ನು, ನೀವು ಚಿಕ್ಕ ಮಗುವನ್ನು, ದೊಡ್ಡದು ನಿಮ್ಮ ಸೆರಗು ಹಿಡಿದು. ಹೊರಗೆ ಸೇರುವ ಜಾಗವೂ ತೀರ್ಮಾನವಾಗಿರಲಿ, ಎದುರುಮನೆಯ ಹೊಂಗೆ ಮರವೋ ಲೈಟು ಕಂಬವೋ. ಒಂದು ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ನಿಜವಾಗಿ ಇಳಿದು ನೋಡಿ, ಗಡಿಯಾರ ಹಿಡಿದು. ಮಕ್ಕಳಿಗೆ ಅದು ಆಟ, ಖುಷಿಯಾಗಿ ಮಾಡುತ್ತಾರೆ. ಗೇಟು ತೆರೆಯುವ ಕೆಲಸ ಮಾತ್ರ ಅತ್ತೆಗೇ ಬಿಡಿ. ಅವರ ಕೈಯಲ್ಲಿ ಅದು ಹತ್ತು ಸೆಕೆಂಡಿನಲ್ಲಿ ಆಗದಿದ್ದರೆ ವೆಲ್ಡರನ್ನು ವಾಪಸು ಕರೆಸಿ.

ಮಳೆಗಾಲ ಕಳೆದ ಮೇಲೆ ಈ ಚಿಲಕ, ಕೀಲುಗಳು ತುಕ್ಕು ಹಿಡಿಯುತ್ತವೆ. ಆಯುಧಪೂಜೆಗೆ ಸ್ಕೂಟರು, ಹೊಲಿಗೆ ಯಂತ್ರ, ಕತ್ತಿ ಕುಡುಗೋಲು ಒರೆಸಿ ಎಣ್ಣೆ ಬಿಡುವಾಗ ಗೇಟಿನ ಚಿಲಕಕ್ಕೂ ಕಿಂಡಿಯ ಕೀಲುಗಳಿಗೂ ಎರಡೆರಡು ಹನಿ ಬಿಟ್ಟು, ಒಂದು ಸಲ ಪೂರ್ತಿ ತೆರೆದು ಮುಚ್ಚಿ. ಯುಗಾದಿಗೆ ಮನೆ ಸಾರಿಸಿ ತೊಳೆಯುವಾಗ ಇನ್ನೊಂದು ಸಲ.